ಮೈಸೂರಿನ ಅರಸರು ಉಳಿಸಿದ ಸೊನಾಟಗಳು

ಕನಮಡಿ, ತಿಕೋಟಾ ಕಡೆಯಿಂದ ವಿಜಯಪುರಕ್ಕೆ ಹೊರಟವರಿಗೆ ನಗರ ಮುಟ್ಟುವ ಮೊದಲು ತೊರವಿ ಸಿಗುತ್ತದೆ. ಊರಿನ ಬಳಿ ನಿಂತಿರುವ ಹಾಳು ಕಟ್ಟಡಗಳಲ್ಲಿ ಒಂದಕ್ಕೆ ಸಂಗೀತ ಮಹಲ್ ಎಂದು ಹೆಸರು. 1580ರಿಂದ 1627ರವರೆಗೆ ಬಿಜಾಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ನಗರಕ್ಕೆ ತಳಪಾಯ ಹಾಕಿದ. ಈ ದೊರೆ ಸ್ವತಃ ಸಂಗೀತಗಾರ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ಆತ ರಚಿಸಿದ ‘ಕಿತಾಬ್-ಎ-ನವರಸ್’ ಗ್ರಂಥದಲ್ಲಿ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಸರಸ್ವತಿ, ಗಣಪತಿಯರ ಸ್ತುತಿಯಿದೆ. ಕಲಬುರ್ಗಿಯ ಬಂದೇನವಾಜರ ಸ್ಮರಣೆಯೂ ಇದೆ.

1624ರಲ್ಲಿ ಮಲಿಕ್ ಅಂಬರನ ದಂಡು ನವರಸಪುರವನ್ನು ಹಾಳುಗೆಡವಿತು. ಕಲ್ಲು ಒಂದಿಷ್ಟು ಉಳಿಯಿತು, ಪುಸ್ತಕವೂ ಉಳಿಯಿತು. ಉಳಿಯದೆ ಹೋದದ್ದು ಸಂಗೀತ. ಹಾಡುಗಳ ಮೇಲೆ ಭೈರವ, ಮಲ್ಹಾರ, ಕಲ್ಯಾಣ, ಕಾನಡ ಎಂದು ರಾಗಗಳ ಹೆಸರುಗಳಿವೆ. ಆದರೆ ದೊರೆ ಅವನ್ನು ಹೇಗೆ ಹಾಡುತ್ತಿದ್ದ, ಸ್ವರವನ್ನು ಎಲ್ಲಿ ನಿಲ್ಲಿಸುತ್ತಿದ್ದ ಎಂಬುದನ್ನು ತಿಳಿಯಲು ಈಗ ಯಾವ ದಾರಿಯೂ ಇಲ್ಲ. ಅರಸ ಮನಸ್ಸು ಮಾಡಿದರೆ ನಗರ ಕಟ್ಟಿಸಬಲ್ಲ, ವಿದ್ವಾಂಸರನ್ನು ಸಾಕಬಲ್ಲ. ಹೊರಟುಹೋದ ನಾದವನ್ನು ಹಿಡಿದಿಡುವ ಉಪಾಯ ಮಾತ್ರ ಅಂದಿನ ಯಾವ ಅರಸನ ಕೈಯಲ್ಲೂ ಇರಲಿಲ್ಲ.

ಸುಮಾರು ಮುನ್ನೂರೈವತ್ತು ವರ್ಷಗಳ ನಂತರ ಕನ್ನಡ ನಾಡಿನ ಇನ್ನೊಬ್ಬ ಅರಸರ ಕೈಗೆ ಆ ಉಪಾಯ ಬಂದಿತ್ತು. ಅವರು ಮೈಸೂರಿನ ಜಯಚಾಮರಾಜ ಒಡೆಯರ್. ಅದನ್ನು ಅವರು ಬಳಸಿದ್ದು ಒಬ್ಬ ರಷ್ಯನ್ ಸಂಗೀತಗಾರನ ಪಿಯಾನೊ ರಚನೆಗಳನ್ನು ಉಳಿಸುವುದಕ್ಕೆ. ಮೈಸೂರಿಗೂ ಮಾಸ್ಕೋದ ಪಿಯಾನೊಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಕೇಳಬಹುದು. ಆ ಸಂಬಂಧವನ್ನು ತಿಳಿಯುವ ಮೊದಲು ಸೊನಾಟ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ.

ಪೇಟಿಯಿಂದ ಪಿಯಾನೊಕ್ಕೆ

ನಮ್ಮ ಕಡೆ ಭಜನೆ ನಡೆಯುವ ಯಾವ ಊರಿನಲ್ಲಾದರೂ ಪೇಟಿ ಇರುತ್ತದೆ. ಅದರ ಬಿಳಿ, ಕಪ್ಪು ಕೀಗಳನ್ನು ನೋಡಿದವರಿಗೆ ಪಿಯಾನೊದ ಮುಖ ಹೊಸದಲ್ಲ. ಜೋಡಣೆ ಒಂದೇ, ಹನ್ನೆರಡು ಸ್ವರಗಳ ಲೆಕ್ಕವೂ ಒಂದೇ. ವ್ಯತ್ಯಾಸವಿರುವುದು ಒಳಗೆ. ಪೇಟಿಯಲ್ಲಿ ತಿದಿಯ ಗಾಳಿ ಲೋಹದ ನಾಲಗೆಗಳನ್ನು ಅಲುಗಿಸುತ್ತದೆ. ತಿದಿ ಹಾಕುತ್ತಿರುವಷ್ಟು ಹೊತ್ತೂ ಸ್ವರ ನಿಂತಿರುತ್ತದೆ. ಪಿಯಾನೊದಲ್ಲಿ ಕೀ ಒತ್ತಿದಾಗ ಒಂದು ಸಣ್ಣ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಸ್ವರ ಹುಟ್ಟಿದ ಕ್ಷಣದಿಂದಲೇ ಅಡಗುವುದಕ್ಕೆ ತೊಡಗುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಇದನ್ನು ರೂಪಿಸಿದ. ಬೆರಳು ಮೆಲ್ಲಗೆ ಬಿದ್ದರೆ ಮೆಲುದನಿ, ಜೋರಾಗಿ ಬಿದ್ದರೆ ಜೋರುದನಿ. ಇಟಲಿಯ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ಪಿಯಾನೊಫೋರ್ಟೆ ಎಂಬ ಉದ್ದ ಹೆಸರೇ ಸವೆದು ಪಿಯಾನೊ ಆಯಿತು.

ಸೊನಾಟವೂ ಇಟಲಿಯದೇ ಮಾತು. ಕಂಠದಿಂದ ಹಾಡುವಂಥದು ಕಂಟಾಟ, ವಾದ್ಯದಲ್ಲಿ ನುಡಿಸುವಂಥದು ಸೊನಾಟ. ಸಾಮಾನ್ಯವಾಗಿ ಅದರಲ್ಲಿ ಮೂರೋ ನಾಲ್ಕೋ ಭಾಗಗಳಿರುತ್ತವೆ: ಒಂದು ಚುರುಕಾದದ್ದು, ಒಂದು ವಿಲಂಬದ್ದು, ಕೊನೆಗೆ ಮತ್ತೆ ದ್ರುತಗತಿಯದು. ಈ ಬಗೆಯ ರಚನೆಗೆ ಖಚಿತವಾದ ರೂಪ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಹೇಡನ್ (1732–1809), ಮೊಜಾರ್ಟ್ (1756–1791) ಮತ್ತು ಬೀಥೋವನ್ (1770–1827) ಇವರ ಕೈಯಲ್ಲಿ. ಯುರೋಪಿನ ಸಂಗೀತ ಚರಿತ್ರೆಯಲ್ಲಿ ಇದನ್ನು ಕ್ಲಾಸಿಕಲ್ ಯುಗ ಎಂದು ಕರೆಯುತ್ತಾರೆ.

ಖ್ಯಾಲ್ ಕೇಳಿ ಬಲ್ಲ ಕಿವಿಗೆ ಸೊನಾಟದ ಮರ್ಮವನ್ನು ಹೀಗೆ ವಿವರಿಸಬಹುದು. ನಮ್ಮ ಗವಾಯಿಗಳು ತಂಬೂರಿಯ ಷಡ್ಜವನ್ನು ಹಿಡಿದ ಮೇಲೆ ಕೊನೆಯವರೆಗೂ ಅದನ್ನು ಬಿಡುವುದಿಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಪೇಟಿ ಮಾಸ್ತರರು ಕಪ್ಪು ಎರಡೋ ಬಿಳಿ ಐದೋ ಆರಿಸಿಕೊಳ್ಳುತ್ತಾರೆ. ಆರಿಸಿಕೊಂಡ ಮೇಲೆ ಅದೇ ಮನೆ. ಎಷ್ಟೇ ದೂರದ ತಾನ್ ಹೊಡೆದರೂ ಆ ಮನೆಯ ಅಂಗಳದಲ್ಲಿಯೇ. ಸೊನಾಟದಲ್ಲಿ ಹಾಗಲ್ಲ, ಅಲ್ಲಿ ಷಡ್ಜವೇ ಮನೆ ಬಿಟ್ಟು ಹೊರಡುತ್ತದೆ. ಮೊದಲು ಒಂದು ರಾಗಭಾವ ತನ್ನ ಶ್ರುತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಎದುರಾಗಿ ಇನ್ನೊಂದು ಭಾವ ಬೇರೊಂದು ಶ್ರುತಿಯಲ್ಲಿ ಬರುತ್ತದೆ. ನಡುವಿನ ಹಂತದಲ್ಲಿ ಎರಡೂ ತುಂಡಾಗುತ್ತವೆ, ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಊರೂರು ಅಲೆಯುತ್ತವೆ. ಕೊನೆಗೆ ಎರಡೂ ಮೊದಲಿನ ಶ್ರುತಿಗೆ ಮರಳುತ್ತವೆ. ಕೇಳುಗನಿಗೆ ಸಿಗುವ ಸುಖ ಈ ಮರಳುವಿಕೆಯದು. ನಮ್ಮಲ್ಲಿ ತಾನ್ ಮುಗಿಸಿ ಸಮ್‌ಗೆ ಬಂದಾಗ ಸಭೆ ತಲೆದೂಗುತ್ತದಲ್ಲ, ಅಂಥದೇ ಸುಖ. ಪ್ರಯಾಣ ಮಾತ್ರ ಬೇರೆ.

ಬೀಥೋವನ್ 1795ರಿಂದ 1822ರವರೆಗಿನ ಅವಧಿಯಲ್ಲಿ 32 ಪಿಯಾನೊ ಸೊನಾಟಗಳನ್ನು ಪೂರೈಸಿದ. ಕೊನೆಯ ಮೂರನ್ನು ಬರೆಯುವಾಗ ಅವನ ಕಿವಿ ಬಹುಮಟ್ಟಿಗೆ ಕೇಳದಾಗಿತ್ತು. ತಾನು ಬರೆದದ್ದನ್ನು ತಾನೇ ಕೇಳಲಾರದವನ ರಚನೆಗಳು ಜಗತ್ತಿಗೆಲ್ಲ ಕೇಳಿಸಿದ್ದು ಹೇಗೆ? ಒಂದು ಕಾರಣ, ಅವು ಸ್ವರಲಿಪಿಯಲ್ಲಿ ಅಚ್ಚಾಗಿದ್ದವು. ಇನ್ನೊಂದು ಕಾರಣ ಬಂದದ್ದು ಅವನು ತೀರಿಕೊಂಡ ನೂರು ವರ್ಷಗಳ ಮೇಲೆ, ಗ್ರಾಮಫೋನಿನ ರೂಪದಲ್ಲಿ.

ಚಂದಾ ಎತ್ತಿ ಮಾಡಿದ ರೆಕಾರ್ಡು

ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೂವರೆ ನಿಮಿಷದ ಸಂಗೀತ ಹಿಡಿಸುವುದೇ ಕಷ್ಟ. ಇಪ್ಪತ್ತು ನಿಮಿಷದ ಸೊನಾಟಕ್ಕೆ ಐದು ಮಗ್ಗುಲುಗಳಾದರೂ ಬೇಕು. 32 ಸೊನಾಟಗಳಿಗೆ ಎಷ್ಟು ತಟ್ಟೆ, ಎಷ್ಟು ಖರ್ಚು! ಕೊಳ್ಳುವವರು ಇದ್ದಾರೋ ಇಲ್ಲವೋ ಎಂಬ ಅನುಮಾನದಲ್ಲಿ ಕಂಪನಿಗಳು ಇಂಥ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ. ಲಂಡನ್ನಿನ ಎಚ್.ಎಂ.ವಿ. ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ತರುಣ ಇದಕ್ಕೊಂದು ಹಾದಿ ತೋರಿಸಿದರು. ಮೊದಲು ಆಸಕ್ತರಿಂದ ಚಂದಾ ಎತ್ತುವುದು, ಸಾಕಷ್ಟು ಹಣ ಕೂಡಿದ ಮೇಲೆ ರೆಕಾರ್ಡು ಮಾಡುವುದು. ಚಂದಾದಾರರ ಈ ಕೂಟಕ್ಕೆ ‘ಸೊಸೈಟಿ’ ಎಂದು ಹೆಸರು. ಈ ಕ್ರಮದಲ್ಲಿ 1932ರಿಂದ 1935ರ ನಡುವೆ ಆರ್ಟುರ್ ಶ್ನಾಬೆಲ್ ಬೀಥೋವನ್ನನ ಎಲ್ಲ ಸೊನಾಟಗಳನ್ನೂ ನುಡಿಸಿ ಮುಗಿಸಿದರು. 32 ಸೊನಾಟಗಳೂ ರೆಕಾರ್ಡಿನಲ್ಲಿ ದೊರೆತದ್ದು ಅದೇ ಮೊದಲು.

ಬೀಥೋವನ್ನನಿಗೆ ಚಂದಾದಾರರು ಸಿಕ್ಕರು. ಹೆಸರು ಕೇಳದವರಿಗೆ ಯಾರು ಚಂದಾ ಕೊಡುತ್ತಾರೆ? ನಿಕೊಲಾಯ್ ಮೆಟ್ನರ್ ಅವರ ಸ್ಥಿತಿ ಅದಾಗಿತ್ತು.

ಮೆಟ್ನರ್ ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದವರು. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಕಲಿತು ಪಿಯಾನೊ ವಾದಕರೆನಿಸಿದರು. ಬೀಥೋವನ್ನನನ್ನು ನುಡಿಸುವುದರಲ್ಲಿ ಅವರದು ದೊಡ್ಡ ಹೆಸರು. ಸುತ್ತಲಿನವರು ಹಳೆಯ ಕಟ್ಟುಗಳನ್ನು ಒಡೆದು ಹೊಸತನ್ನು ಹುಡುಕುತ್ತಿದ್ದಾಗ ಇವರು ಸೊನಾಟದ ಕಟ್ಟನ್ನೇ ನೆಚ್ಚಿ ಕುಳಿತರು. ಬರೆದ ಪಿಯಾನೊ ಸೊನಾಟಗಳು 14. ಹೊಸ ಫ್ಯಾಷನ್ನಿಗೆ ಎದುರಾಗಿ 1935ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ರಷ್ಯದ ಕ್ರಾಂತಿಯ ತರುವಾಯ, 1921ರಲ್ಲಿ, ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಅಲೆದು 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದರು. ಗೆಳೆಯ ರಾಖ್ಮನಿನೋವ್ ಜಗತ್ಪ್ರಸಿದ್ಧರಾದರು. ಮೆಟ್ನರ್ ಪಾಠ ಹೇಳಿ ಹೊಟ್ಟೆ ಹೊರೆದರು. ಎರಡನೆಯ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ ಅರವತ್ತೈದು ವರ್ಷ. ಕೈಯಲ್ಲಿ ಶಕ್ತಿ ಉಳಿದಿದ್ದರೂ ಕೇಳುವವರು ಉಳಿದಿರಲಿಲ್ಲ.

ಪಿಯಾನೊ ವಾದಕರಾಗಬೇಕಿದ್ದ ಅರಸರು

ಮೈಸೂರು ಅರಮನೆಗೆ ಪಾಶ್ಚಾತ್ಯ ಸಂಗೀತ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ವೀಣೆ, ಪಿಟೀಲುಗಳ ಜೊತೆಗೆ ಪಿಯಾನೊವನ್ನೂ ಬಲ್ಲವರು. ಅವರ ಕಾಲದಲ್ಲಿ ಕರ್ನಾಟಕ ಸಂಗೀತದ ಬ್ಯಾಂಡಿನೊಡನೆ ಪಾಶ್ಚಾತ್ಯ ವಾದ್ಯವೃಂದವೂ ಅರಮನೆಯಲ್ಲಿತ್ತು. ಅದೇ ದರ್ಬಾರಿಗೆ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರೂ ಬಂದು ಹಾಡುತ್ತಿದ್ದರು. ಮಿರಜ್‌ನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಅವರು ಹುಬ್ಬಳ್ಳಿ-ಧಾರವಾಡಗಳಲ್ಲಿ ತಂಗುತ್ತಿದ್ದುದರಿಂದ ನಮ್ಮ ಭಾಗದ ಹಿಂದೂಸ್ತಾನಿ ಸಂಗೀತಕ್ಕೆ ಎಷ್ಟು ಲಾಭವಾಯಿತೆಂಬುದನ್ನು ಕುಂದಗೋಳದ ಸವಾಯಿ ಗಂಧರ್ವರ ಹೆಸರೊಂದೇ ಹೇಳುತ್ತದೆ.

ನಾಲ್ವಡಿಯವರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಮಗ ಜಯಚಾಮರಾಜ ಒಡೆಯರ್. 1919ರ ಜುಲೈ 18ರಂದು ಹುಟ್ಟಿದರು. ಬಾಲ್ಯದಿಂದಲೂ ಪಿಯಾನೊದ ಹುಚ್ಚು. ವೇದಿಕೆಯ ಮೇಲೆ ನುಡಿಸುವ ವಾದಕನಾಗಬೇಕೆಂಬುದು ಅವರ ಆಸೆ. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಐದೇ ತಿಂಗಳಲ್ಲಿ ಎರಡು ಸಾವು. ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದರ ಹರೆಯದ ಈ ತರುಣ ಸಿಂಹಾಸನವೇರಬೇಕಾಯಿತು. ರಾಜ್ಯದ ಹೊಣೆ ಬಿದ್ದ ಮೇಲೆ ವಾದಕನಾಗುವ ಮಾತೆಲ್ಲಿ? ಆದರೂ ಅಭ್ಯಾಸ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ಅವರ ತಂಗಿ ವಿಜಯಾದೇವಿಯವರೂ ಪಿಯಾನೊ ಕಲಿತವರು. ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು.

ಅರಸರು ರೆಕಾರ್ಡುಗಳನ್ನು ತರಿಸಿ ಕೇಳುತ್ತಿದ್ದರು. ಅವರ ಸಂಗ್ರಹ ಬಹಳ ದೊಡ್ಡದು. ಕೇಳುತ್ತ ಕೇಳುತ್ತ ಮೆಟ್ನರ್ ಅವರ ಸಂಗೀತ ಹಿಡಿಸಿತು. ಹಿಡಿಸಿದ ರಚನೆಗಳು ಹೆಚ್ಚಾಗಿ ರೆಕಾರ್ಡಿನಲ್ಲಿ ಇರಲಿಲ್ಲ. ವಾಲ್ಟರ್ ಲೆಗ್ ಲಂಡನ್ನಿನಿಂದ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿ ಉಳಿದರು. ಅಲ್ಲಿ ಎರಡು ವಿಷಯಗಳು ತೀರ್ಮಾನವಾದವು. ಒಂದು, ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡು ಮಾಡುವ ವೆಚ್ಚ ಮಹಾರಾಜರದು. ಎರಡು, ಲೆಗ್ 1945ರಲ್ಲಿ ಹುಟ್ಟುಹಾಕಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನ ನೆರವು. ಅಂದಿನ ವಿನಿಮಯ ದರದಲ್ಲಿ ಒಂದು ವರ್ಷದ ನೆರವೇ 1 ಲಕ್ಷ 33 ಸಾವಿರ ರೂಪಾಯಿ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮಹಾರಾಜರೇ ಮೊದಲ ಅಧ್ಯಕ್ಷರಾದರು.

ಹೀಗೆ ಹುಟ್ಟಿದ ಮೆಟ್ನರ್ ಸೊಸೈಟಿಗೂ ಹಿಂದಿನ ಬೀಥೋವನ್ ಸೊಸೈಟಿಗೂ ಹೆಸರೊಂದೇ ಸಮಾನ. ಅಲ್ಲಿ ನೂರಾರು ಚಂದಾದಾರರು, ಇಲ್ಲಿ ಬೆನ್ನಿಗೆ ನಿಂತವರು ಒಬ್ಬರೇ. 1947ರಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾಂಚೆರ್ಟೊಗಳನ್ನು ವಾದ್ಯವೃಂದದೊಡನೆ ನುಡಿಸಿದರು. ಕೆಲವು ಸೊನಾಟಗಳು, ಸಣ್ಣ ರಚನೆಗಳು, ಹಾಡುಗಳು ತಟ್ಟೆಗೆ ಬಂದವು. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರೊಡನೆ ಹಾಡುಗಳಿಗೆ ಪಿಯಾನೊ ನುಡಿಸಿದಾಗ ಅವರಿಗೆ ಎಪ್ಪತ್ತು. ಎಲ್ಲ ಕೃತಿಗಳನ್ನೂ ಹಿಡಿದಿಡಬೇಕೆಂಬ ಯೋಜನೆ ಪೂರ್ತಿಯಾಗಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕಣ್ಣು ಮುಚ್ಚಿದರು. ತಮ್ಮ ಮೂರನೆಯ ಕಾಂಚೆರ್ಟೊವನ್ನು ಅವರು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.

ಇಂಥದೇ ಇನ್ನೊಂದು ಘಟನೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡಾಗ ಅವರು ಬರೆದಿಟ್ಟಿದ್ದ ಕೊನೆಯ ನಾಲ್ಕು ಹಾಡುಗಳನ್ನು ಯಾರೂ ಸಭೆಯಲ್ಲಿ ಹಾಡಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನ್ನು ಮೊದಲ ಬಾರಿಗೆ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಈ ಕಛೇರಿಗೆ ಮಹಾರಾಜರು 4,800 ಡಾಲರುಗಳ ಭರವಸೆ ಕೊಟ್ಟಿದ್ದರು. ಅವರು ಹೋಗುವಂತಿರಲಿಲ್ಲ, ಹಾಗಾಗಿ ಅಂದಿನ ಗಾಯನವನ್ನು ರೆಕಾರ್ಡು ಮಾಡಿ ಮೈಸೂರಿಗೆ ಕಳಿಸಿದರು.

ಇದು ಸರಿಯೇ?

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅದೇ ವರ್ಷ ಲಂಡನ್ನಿನ ಸ್ಟುಡಿಯೊದಲ್ಲಿ ಮೈಸೂರಿನ ಹಣದಿಂದ ರಷ್ಯನ್ ಸಂಗೀತ ನುಡಿಯುತ್ತಿತ್ತು. ರೈತನ ಬೆವರಿನಿಂದ ತುಂಬಿದ ಬೊಕ್ಕಸದ ಮುಂದೆ ಲಕ್ಷ ರೂಪಾಯಿ ಸಣ್ಣ ಮಾತಲ್ಲ. ಆ ಹಣದಲ್ಲಿ ಇಲ್ಲಿಯ ಎಷ್ಟು ಸಂಗೀತಗಾರರನ್ನು ಸಾಕಬಹುದಿತ್ತು, ಎಷ್ಟು ಮುದುಕ ಗವಾಯಿಗಳ ಕಂಠವನ್ನು ತಟ್ಟೆಗೆ ಇಳಿಸಬಹುದಿತ್ತು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ರೆಕಾರ್ಡಿಲ್ಲದೆ ಹೋದ ನಮ್ಮ ಕಂಠಗಳು ಒಂದೆರಡಲ್ಲ.

ಇನ್ನೊಂದು ಮಾತನ್ನೂ ಜೊತೆಗೇ ಇಟ್ಟು ನೋಡಬೇಕು. ಮೆಟ್ನರ್ ಅವರ ಸಂಗೀತಕ್ಕೆ ಕಿವಿಗೊಟ್ಟ ಅದೇ ವರ್ಷಗಳಲ್ಲಿ ಮಹಾರಾಜರು ಕರ್ನಾಟಕ ಸಂಗೀತದ ಕಡೆಗೂ ತಿರುಗಿದ್ದರು. ಮೈಸೂರು ವಾಸುದೇವಾಚಾರ್ಯರಂಥವರ ಸಹವಾಸದಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳು ಹಲವು. ಪಿಯಾನೊದ ಹನ್ನೆರಡು ಸಮಭಾಗಗಳಲ್ಲಿ ಗಮಕಕ್ಕೆ ಎಡೆಯಿಲ್ಲ, ಮೀಂಡಿಗೆ ದಾರಿಯಿಲ್ಲ. ಇದೇ ದೋಷವನ್ನು ಹೊರಿಸಿ ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಪಿಯಾನೊದಲ್ಲಿ ಪಳಗಿದ ಕೈಯಿಂದ ಗಮಕಪ್ರಧಾನವಾದ ಕೃತಿಗಳು ಬಂದವೆಂದರೆ, ಒಂದು ಸಂಗೀತವನ್ನು ಆಳವಾಗಿ ಕೇಳಿದವರಿಗೆ ಇನ್ನೊಂದು ಸಂಗೀತ ಪರಕೀಯವಾಗುವುದಿಲ್ಲ ಎಂದೇ ಅರ್ಥ. ಪೇಟಿಯೂ ಹುಟ್ಟಿದ್ದು ಯುರೋಪಿನಲ್ಲೇ. ಇಂದು ಅದಿಲ್ಲದ ಭಜನೆಯನ್ನು ನಾವು ಊಹಿಸಲಾರೆವು.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಬಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಆ ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜ ಒಡೆಯರ್. ನವರಸಪುರದ ಸಂಗೀತ ಮಹಲ್ ಇರುವ ನೆಲಕ್ಕೆ ಹೀಗೆ ಮತ್ತೊಬ್ಬ ಸಂಗೀತಗಾರ ಅರಸರ ನಂಟು ಒದಗಿತು, ಪ್ರಜಾಪ್ರಭುತ್ವದ ಮೂಲಕ. 1964ರವರೆಗೆ ಅವರು ಆ ಸ್ಥಾನದಲ್ಲಿದ್ದರು. 1974ರ ಸೆಪ್ಟೆಂಬರಿನಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮೆಟ್ನರ್ ಅವರ ಸೊನಾಟಗಳು ಬಹುಕಾಲ ಮರೆವಿನಲ್ಲಿ ಉಳಿದವು. 1990ರ ದಶಕದಲ್ಲಿ ಪಿಯಾನೊ ವಾದಕರು ಮತ್ತೆ ಅವನ್ನು ಕೈಗೆತ್ತಿಕೊಂಡರು; 1998ರಲ್ಲಿ ಕೆನಡಾದ ಮಾರ್ಕ್ ಆಂದ್ರೆ ಹ್ಯಾಮ್ಲಿನ್ ನುಡಿಸಿದ ಹದಿನಾಲ್ಕೂ ಸೊನಾಟಗಳ ಸಂಪುಟ ಹೊರಬಂತು. ಇಂದು ಅವನ್ನು ಕಲಿಯುವವರು ಸ್ವರಲಿಪಿಯ ಜೊತೆಗೆ ಮೆಟ್ನರ್ ಅವರ ಹಳೆಯ ರೆಕಾರ್ಡುಗಳನ್ನೂ ಕೇಳಬಹುದು. ಕರ್ತೃವಿನ ಮನಸ್ಸಿನಲ್ಲಿ ಲಯ ಎಷ್ಟು ನಿಧಾನವಾಗಿತ್ತು, ಯಾವ ಸ್ವರದ ಮೇಲೆ ಬೆರಳು ತಡೆದು ನಿಲ್ಲುತ್ತಿತ್ತು ಎಂಬುದಕ್ಕೆ ಅಲ್ಲಿ ಉತ್ತರವಿದೆ. ಕಿತಾಬ್-ಎ-ನವರಸ್ ಓದುವವರು ಕೇಳುವ ಪ್ರಶ್ನೆಯೂ ಅದೇ. ತೊರವಿಯ ಸಂಗೀತ ಮಹಲಿನಲ್ಲಿ ಅದಕ್ಕೆ ಉತ್ತರ ಹೇಳುವವರಿಲ್ಲ.

ಇಂದು ನಾದ ಹಿಡಿದಿಡುವುದಕ್ಕೆ ಅರಸೊತ್ತಿಗೆ ಬೇಡ, ಲಕ್ಷ ರೂಪಾಯಿಯೂ ಬೇಡ. ಅಂಗಿಯ ಕಿಸೆಯಲ್ಲಿರುವ ಫೋನು ಸಾಕು. ನಮ್ಮ ಊರುಗಳಲ್ಲಿ ತತ್ವಪದ ಹಾಡುವ ಮುದುಕರು, ಗೀಗೀ ಮೇಳದವರು, ಬೀಸುವ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮುಂದೆ ಹೋಗಿ ಕೂತು, ಅವ್ವಾ ಒಂದು ಪದ ಹಾಡು ಎಂದು ಕೇಳುವವರು ಬೇಕು. ಮೈಸೂರಿನ ಅರಸರು ದೂರದ ಒಬ್ಬ ಬಡ ಮುದುಕನಿಗೆ ಕೇಳಿದ್ದು ಇಷ್ಟನ್ನೇ.